ತಲೆ ಎಣಿಸುವ ಪೆಟ್ಟಿಗೆ

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಬಾರದು ಅಂತ ನಮ್ಮ ಕಡೆ ಹೆಂಗಸರಿಗೆ ಕಲಿಸಿರುತ್ತಾರೆ. ನಾನು ಹೇಳುತ್ತೇನೆ. ನನ್ನ ಗಂಡನ ಹೆಸರು ಪಾಲಣ್ಣ. ಚಿತ್ರದುರ್ಗದ ಪಾಲಿಟೆಕ್ನಿಕ್ಕಿನ ಲ್ಯಾಬಿನಲ್ಲಿ ಹುಡುಗರಿಗೆ ವೈರು, ಮೀಟರು, ಬೆಸುಗೆ ತೋರಿಸಿಕೊಡುವ ಕೆಲಸ ಅವರದು. ಮದಕರಿಪುರದ ನಮ್ಮ ಹಟ್ಟಿಯಿಂದ ದಿನಾ ಸೈಕಲ್ಲಿನಲ್ಲಿ ಹೋಗಿ ಬರುತ್ತಿದ್ದರು. ನಾನು ಚಂದ್ರಕ್ಕ, ಅದೇ ಊರಿನ ಪ್ರೈಮರಿ ಶಾಲೆಯಲ್ಲಿ ಮೇಡಮ್ಮು. ಮನೆಯಲ್ಲಿ ಮಾವ ಜುಂಜಯ್ಯ, ಅತ್ತೆ ಚಿತ್ತಮ್ಮ, ಮೈದುನ ಮುದ್ದಣ್ಣ, ನಮ್ಮ ಮಗಳು ಓಬವ್ವ. ಕುರಿಗಳಿದ್ದವು. ಎಷ್ಟು ಅಂತ ಮಾತ್ರ ಕೇಳಬೇಡಿ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಇವರಿಗೆ ಕಂಪ್ಯೂಟರಿನ ಹುಚ್ಚು ಹಿಡಿಯಿತು. ಆಗ ಕಂಪ್ಯೂಟರ್ ಅಂದರೆ ಬೆಂಗಳೂರಿನ ದೊಡ್ಡ ಕಚೇರಿಗಳಲ್ಲಿ ಒಂದು ಕೋಣೆ ತುಂಬ ಇರುತ್ತದೆ, ಅದಕ್ಕೆ ಹಗಲೂ ರಾತ್ರಿ ತಣ್ಣನೆ ಗಾಳಿ ಹಾಕಬೇಕು ಅಂತ ಕೇಳಿದ್ದೆವು. ಇವರು ತರಿಸುತ್ತಿದ್ದ ಇಂಗ್ಲಿಷ್ ಪತ್ರಿಕೆಯಲ್ಲಿ ಮೇಜಿನ ಮೇಲೆ ಇಡುವಂಥ ಸಣ್ಣದರ ಚಿತ್ರ ಬಂದಿತ್ತು. ಬಿಡಿಭಾಗ ತಂದು ನಾವೇ ಜೋಡಿಸಿಕೊಳ್ಳುವಂಥದ್ದು. ಅವತ್ತಿನಿಂದ ಉಣ್ಣುವಾಗಲೂ ಅದೇ ಮಾತು, ಬೆಳಿಗ್ಗೆ ಮಗಳಿಗೆ ಜಡೆ ಹೆಣೆಯುವಾಗಲೂ ಅದೇ ಮಾತು. ಓಬವ್ವನ ಜಡೆ ಅವರದೇ ಕೆಲಸ. ನಾನು ಹೆಣೆದರೆ ಸಿಕ್ಕು ಎಳೆಯುತ್ತೇನೆ ಅಂತ ಅವಳು ಅಳುತ್ತಿದ್ದಳು, ಅವರು ಹೆಣೆದರೆ ಸುಮ್ಮನೆ ಕೂರುತ್ತಿದ್ದಳು.

ಬೆಂಗಳೂರಿಗೆ ಹೋಗಿ ಅಂಗಡಿ ಅಂಗಡಿ ಅಲೆದು ಬಂದರು.

"ಎರಡು ಥರ ಐತೆ ಚಂದ್ರಿ," ಅಂದರು. "ಒಂದು ದೊಡ್ಡದು. ಟ್ರಂಕಿನಷ್ಟು ಜಾಗ ತಿಂತೈತೆ. ಇನ್ನೊಂದು ಎಲೆಅಡಿಕೆ ತಟ್ಟೆಯಷ್ಟು, ನೆನಪು ಕಮ್ಮಿ. ಆದ್ರೆ ಮುಂದೆ ನೆನಪಿನ ಚಿಪ್ಪು ಕೂರ್ಸಾಕೆ ಖಾಲಿ ಜಾಗ ಬಿಟ್ಟವ್ರೆ."

"ದೊಡ್ಡದು ತಂದ್ರೆ ನೀವು ಕುರಿ ಜತಿಗೆ ಮಲಗ್ಬೇಕಾಗ್ತೈತೆ," ಅಂದೆ.

"ಸಣ್ಣದೇ ತರಾದು. ಇವತ್ತು ಎಷ್ಟೈತೆ ಅಂತ ನೋಡಬಾರ್ದು, ನಾಳೆ ಎಷ್ಟು ಸೇರಿಸಬೌದು ಅಂತ ನೋಡ್ಬೇಕು."

ಬಂತು ಸಣ್ಣದು. ಹಸಿರು ಹಲಗೆ, ಅದರ ಮೇಲೆ ಕಪ್ಪು ಚಿಪ್ಪುಗಳು, ಒತ್ತಲು ಗುಂಡಿಗಳು, ಮೇಲ್ಗಡೆ ಕೆಂಪಗೆ ಹೊಳೆಯುವ ಅಂಕಿಗಳ ಒಂದು ಸಾಲು. ಇವರು ತೇಗದ ಹಲಗೆಯ ಪೆಟ್ಟಿಗೆ ಮಾಡಿಸಿ ಅದನ್ನು ಒಳಗೆ ಕೂರಿಸಿದರು. ಮೇಜಿನ ಮೇಲಿದ್ದ ರೇಡಿಯೋ ನೆಲಕ್ಕಿಳಿಯಿತು. ಕರೆಂಟು ಹೋದರೆ ಪೆಟ್ಟಿಗೆಗೆ ಕಲಿಸಿದ್ದೆಲ್ಲ ಮರೆತುಹೋಗುತ್ತಿತ್ತು. ಕರೆಂಟು ಬಂದ ಮೇಲೆ ಇವರು ಮತ್ತೆ ಮೊದಲಿನಿಂದ ಗುಂಡಿ ಒತ್ತಿ ಒತ್ತಿ ಕಲಿಸುತ್ತಿದ್ದರು. ನನ್ನ ಕ್ಲಾಸಿನ ದಡ್ಡ ಹುಡುಗರೇ ವಾಸಿ ಅಂತ ನಾನು ಚುಡಾಯಿಸುತ್ತಿದ್ದೆ.

ಒಂದು ಸಂಜೆ ಅತ್ತೆ ಬಂದು ಪೆಟ್ಟಿಗೆಯ ಮುಂದೆ ನಿಂತರು. "ಇದು ಏನು ಮಾಡ್ತೈತಪ್ಪ?"

"ಲೆಕ್ಕ ಮಾಡ್ತೈತೆ ಅವ್ವ."

"ನಮ್ಮನೇಲಿ ಲೆಕ್ಕ ಮಾಡಾಕೆ ಏನೈತೆ?"

ಅಷ್ಟರಲ್ಲಿ ಹೊರಗೆ ಧೂಳೆಬ್ಬಿಸಿಕೊಂಡು ಕುರಿ ಬಂದವು. ಇವರು ಬಾಗಿಲಿಗೆ ಹೋಗಿ ಅವುಗಳನ್ನೇ ನೋಡುತ್ತ ನಿಂತುಬಿಟ್ಟರು. ಅತ್ತೆಯ ಮುಖ ಸಪ್ಪಗಾಯಿತು.

ನಮ್ಮಲ್ಲಿ ಜೀವ ಇರುವುದನ್ನು ಎಣಿಸುವುದಿಲ್ಲ. ರಾಗಿ ಅಳೆಯಿರಿ, ಬಟ್ಟೆ ಅಳೆಯಿರಿ, ಯಾರೂ ಬೇಡ ಅನ್ನುವುದಿಲ್ಲ. ಕುರಿಯನ್ನು, ಮಕ್ಕಳನ್ನು ಎಣಿಸಬಾರದು. ಕುರಿ ಕೂಡುವ ಮುಳ್ಳುಬೇಲಿಯ ದೊಡ್ಡಿಗೆ ರೊಪ್ಪ ಅನ್ನುತ್ತೇವೆ. ಸಂಜೆ ಮಾವ ಅದರ ಬಾಯಲ್ಲಿ ನಿಂತು ಒಳಗೆ ನುಗ್ಗುವ ಒಂದೊಂದರ ಮುಖ ನೋಡಿ ಮಾತಾಡಿಸುತ್ತಿದ್ದರು. "ಬಂದ್ಯಾ ಮೋಟುಕಿವಿ. ಯಾಕ ಕುಂಟ್ತೀಯ ಕಂದಿ. ಕರಿಮೂತಿ, ಎಲ್ಲೇ ನಿನ್ ಮರಿ." ಯಾವುದಾದರೂ ಬಾರದಿದ್ದರೆ ಇಂಥದ್ದೇ ಬಂದಿಲ್ಲ ಅಂತ ಹೇಳಿ ಮುದ್ದಣ್ಣನನ್ನು ಓಡಿಸುತ್ತಿದ್ದರು. ವ್ಯಾಪಾರಕ್ಕೆ ಬಂದವರು ಎಷ್ಟವೆ ಅಂತ ಕೇಳಿದರೆ, ರೊಪ್ಪದ ತುಂಬ ಅವೆ ಕಣಪ್ಪ ಅನ್ನುತ್ತಿದ್ದರು. ನಾನೂ ಇದೇ ಕುಲದವಳೇ. ಆದರೆ ಟಿಸಿಎಚ್ ಓದಿದ ಜಂಬಕ್ಕೆ ಒಳಗೊಳಗೇ ನಗುತ್ತಿದ್ದೆ.

ಕುರಿ ಎಣಿಸಲು ಪೆಟ್ಟಿಗೆ ಹಚ್ಚಲಾ ಅಂತ ಇವರು ಅಪ್ಪನನ್ನು ಕೇಳಿದರು. ಅದಕ್ಕೆ ಮಾವ, "ನಿನ್ ಪೆಟ್ಟಿಗೆಗೆ ಬಾಯಿಲ್ಲ, ಅದು ಏನಾದ್ರೂ ಮಾಡ್ಕಳ್ಳಿ. ಮನುಷ್ಯರು ಬಾಯಲ್ಲಿ ಎಣಿಸಬಾರ್ದು ಕಣಲೇ ಪಾಲ. ಎಣಿಸಿದವನ ಕಣ್ಣಿಗೆ ಆಮೇಲೆ ಮುಖ ನಿಲ್ಲಲ್ಲ," ಅಂದರು. ಹೆದರಿಸುವ ದನಿಯಲ್ಲಿ ಏನೂ ಹೇಳಲಿಲ್ಲ. ನೆಲ ಒದ್ದೆ ಐತೆ, ಜಾರ್ತೀಯ ಅನ್ನುವ ಹಾಗೆ ಹೇಳಿದರು.

ಇವರು ರೊಪ್ಪದ ಬಾಯಿಯ ಒಂದು ಕಡೆ ಗೂಟಕ್ಕೆ ಸಣ್ಣ ಬಲ್ಬು ಕಟ್ಟಿದರು, ಎದುರು ಗೂಟಕ್ಕೆ ಬೆಳಕು ಗುರುತಿಸುವ ಗಾಜಿನ ಕಣ್ಣು ಕಟ್ಟಿದರು. ನಡುವೆ ಏನಾದರೂ ಹಾದುಹೋದರೆ ಮನೆಯೊಳಗಿನ ಪೆಟ್ಟಿಗೆಯಲ್ಲಿ ಅಂಕಿ ಒಂದು ಏರುತ್ತಿತ್ತು. ಅಂಕಿ ಎಷ್ಟಕ್ಕೆ ನಿಂತರೂ ಇವರು ಬಾಯಿಬಿಟ್ಟು ಓದುತ್ತಿರಲಿಲ್ಲ, ಅಪ್ಪನಿಗೆ ಕೊಟ್ಟ ಮಾತು. ಕರೆಂಟು ಹೋದರೆ ಅದೂ ಅಳಿಸಿಹೋಗುತ್ತಿತ್ತು. ಅಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲವೋ ಏನೋ.

ಖಾಲಿ ಜಾಗ ಇದ್ದ ಮೇಲೆ ತುಂಬದೆ ಬಿಡುವ ಜಾತಿಯವರಲ್ಲ ಇವರು. ಮತ್ತೆ ಬೆಂಗಳೂರಿಗೆ ಹೋಗಿ ನೆನಪಿನ ಚಿಪ್ಪು ತಂದರು. ಅವನ್ನು ಕೂರಿಸಿ, ಕರೆಂಟು ಹೋದರೂ ಮರೆಯದ ಹಾಗೆ ಒಂದು ಮೋಟಾರ್ ಸೈಕಲ್ಲಿನ ಬ್ಯಾಟರಿ ಜೋಡಿಸಿದರು. ಈಗ ಪೆಟ್ಟಿಗೆಗೆ ನೆನ್ನೆಯದೂ ಗೊತ್ತಿತ್ತು. ನೆನ್ನೆಗಿಂತ ಕಮ್ಮಿ ಬಂದರೆ ಪೆಟ್ಟಿಗೆಯ ಮೂಲೆಯಲ್ಲಿ ಕೆಂಪು ದೀಪ ಹತ್ತುತ್ತಿತ್ತು. ಅವರ ಖುಷಿ ನೋಡಿ ನನಗೂ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಶ್ರಾವಣದ ಒಂದು ಸಂಜೆ ಆ ದೀಪ ಹತ್ತಿತು.

"ಅಪ್ಪ, ಒಂದು ಕಮ್ಮಿ ಐತೆ," ಅಂತ ಇವರು ಒಳಗಿಂದಲೇ ಕೂಗಿದರು.

"ಯಾವುದೂ ಕಮ್ಮಿ ಇಲ್ಲ. ಎಲ್ಲಾ ಬಂದವೆ."

"ಪೆಟ್ಟಿಗೆ ಸುಳ್ಳು ಹೇಳಲ್ಲ ಅಪ್ಪ. ನಿನ್ ಕಣ್ಣು ಮಂಜಾಗೈತೆ."

ಆ ಮಾತು ಆಡಬಾರದಿತ್ತು. ಮಾವ ಒಮ್ಮೆ ಮನೆಯ ಕಡೆ ನೋಡಿದರು. ಆಮೇಲೆ ಬೇಲಿಯ ಮುಳ್ಳು ಸರಿಸಿ ಒಳಗೆ ಹೋದರು. ತಮ್ಮ ಜನ್ಮದಲ್ಲಿ ಮೊದಲ ಸಲ ಒಂದೊಂದು ಕುರಿಯ ಬೆನ್ನ ಮೇಲೂ ಕೈಯಿಟ್ಟು, ಒಂದು, ಎರಡು ಅಂತ ಗಟ್ಟಿಯಾಗಿ ಎಣಿಸತೊಡಗಿದರು. ಅತ್ತೆ ಓಡಿ ಹೋಗಿ ಬ್ಯಾಡ, ಬ್ಯಾಡ ಅಂತ ಕೈ ಹಿಡಿದರೂ ನಿಲ್ಲಿಸಲಿಲ್ಲ. ಕೊನೆಯದನ್ನೂ ಮುಟ್ಟಿ ಸಂಖ್ಯೆ ಹೇಳಿದರು. ಇವರು ಪೆಟ್ಟಿಗೆಯ ಹತ್ತಿರ ಓಡಿ ಹೋಗಿ ನೋಡಿ, ತಲೆ ತಗ್ಗಿಸಿಕೊಂಡು ವಾಪಸ್ ಬಂದರು. ನೆನ್ನೆ ಎಷ್ಟಿದ್ದವೋ ಅಷ್ಟೂ ಇದ್ದವು. ಕರಿಮೂತಿಯ ಮರಿ ತಾಯಿಯ ಮಗ್ಗುಲಿಗೆ ಅಂಟಿಕೊಂಡು ಒಟ್ಟಿಗೇ ನುಗ್ಗಿದ್ದರಿಂದ ಗಾಜಿನ ಕಣ್ಣಿಗೆ ಎರಡೂ ಒಂದಾಗಿ ಕಂಡಿತ್ತು.

"ನೀನೇ ಸರಿ ಅಪ್ಪ," ಅಂದರು ಇವರು.

ಮಾವ ಕುರಿಗಳ ನಡುವೆ ನಿಂತು ಆ ಕಡೆ ಈ ಕಡೆ ನೋಡುತ್ತಿದ್ದರು. ಆಮೇಲೆ ಕೇಳಿದರು, "ಇವು ಯಾರವು?"

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮೋಟುಕಿವಿ ಬಂದು ಅವರ ಮೊಣಕಾಲಿಗೆ ತಲೆ ಉಜ್ಜಿತು. ಮಾವ ಅದನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. "ನಮ್ಮವು ಎಲ್ಲಿ? ಮೋಟುಕಿವಿ ಎಲ್ಲಿ? ಹೊತ್ತಾತು, ಇನ್ನೂ ಬಂದಿಲ್ಲ," ಅಂದರು.

ಅವತ್ತಿನಿಂದ ಪ್ರತಿ ಸಂಜೆ ಅದೇ. ಕುರಿ ಎಲ್ಲ ಒಳಗೆ ಸೇರಿದ ಮೇಲೂ ಮಾವ ರೊಪ್ಪದ ಬಾಯಲ್ಲಿ ನಿಂತು ದೂರದ ಗುಡ್ಡದ ಕಡೆ ನೋಡಿ ಒಂದೊಂದನ್ನೂ ಹೆಸರು ಹಿಡಿದು ಕರೆಯುತ್ತಿದ್ದರು. ಹೆಸರು ಕೇಳಿದ ಕುರಿ ಒಳಗಿನಿಂದ ಬ್ಯಾ ಅನ್ನುತ್ತಿತ್ತು. ಅದು ಯಾರದೋ ಕುರಿ ಅಂತ ಅವರು ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮನ್ನೆಲ್ಲ ಚೆನ್ನಾಗಿ ಗುರುತು ಹಿಡಿಯುತ್ತಿದ್ದರು, ನಾನು ಸಾರಿಗೆ ಉಪ್ಪು ಮರೆತರೆ ಬೈಯುತ್ತಿದ್ದರು. ಎಣಿಸಿದ್ದರ ಮುಖ ಮಾತ್ರ ಅವರ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಕತ್ತಲಾದ ಮೇಲೆ ಒಬ್ಬರೇ ಕುರಿ ಹುಡುಕಿಕೊಂಡು ಗುಡ್ಡದ ದಾರಿ ಹಿಡಿಯಲು ಶುರು ಮಾಡಿದರು.

"ವಯಸ್ಸಾತು, ಅರಳುಮರಳು," ಅಂದರು ಇವರು. ನಂಬಿ ಅಂದರೋ, ಹೆದರಿಕೆಗೆ ಅಂದರೋ ಗೊತ್ತಿಲ್ಲ. ಅಪ್ಪ ಹೊರಗೆ ಹೋದದ್ದು ಗೊತ್ತಾಗಲಿ ಅಂತ ರೊಪ್ಪದ ಬಲ್ಬನ್ನೂ ಕಣ್ಣನ್ನೂ ಕಿತ್ತು ತಂದು ಮನೆಯ ಬಾಗಿಲಿಗೆ ಕಟ್ಟಿದರು. ಇನ್ನಷ್ಟು ಚಿಪ್ಪು ಬಂತು, ಒಳಗೆ ಬಂದವರನ್ನು ಕೂಡಿಸಲು ಒಂದು ಕಣ್ಣು, ಹೊರಗೆ ಹೋದವರನ್ನು ಕಳೆಯಲು ಇನ್ನೊಂದು. ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯವರೆಲ್ಲ ಒಳಗಿಲ್ಲದಿದ್ದರೆ ಕೆಂಪು ದೀಪ.

ನಾನು ಜಗಳ ಆಡಿದೆ. "ಕುರಿ ಆತು, ಈಗ ನಮ್ಮನ್ನ ಎಣಿಸ್ತೀರಾ? ಕಿತ್ತು ಬಿಸಾಕ್ರಿ ಅದನ್ನ."

"ಪೆಟ್ಟಿಗೆ ಎಣಿಸಿದ್ರೆ ಏನೂ ಆಗಲ್ಲ ಅಂತ ಅಪ್ಪನೇ ಹೇಳೈತಲ್ಲ. ಅಪ್ಪ ಗುಡ್ಡದಾಗೆ ಬಿದ್ದು ಸತ್ರೆ ನೀನು ಹುಡುಕ್ತೀಯಾ?"

ಇವರು ಬಾಯಲ್ಲಿ ಎಣಿಸದಿದ್ದರೆ ಸಾಕು ಅಂತ ಬಿಟ್ಟೆ. ದೀಪ ಒಂದೆರಡು ಸಲ ಮಾವನನ್ನು ಕಾಪಾಡಿತು ಅನ್ನುವುದೂ ನಿಜ. ಅದು ಹತ್ತಿದ ಕೂಡಲೇ ಮುದ್ದಣ್ಣ ಓಡಿ ಹೋಗಿ ಅವರನ್ನು ಕರೆತರುತ್ತಿದ್ದ. ಆದರೂ ಬಾಗಿಲು ದಾಟುವಾಗಲೆಲ್ಲ ನನಗೆ ಆ ಗಾಜಿನ ಕಣ್ಣಿನ ಕಡೆಗೆ ನೋಡಲು ಮನಸ್ಸಾಗುತ್ತಿರಲಿಲ್ಲ. ಮಗಳನ್ನು ಹೆದರಿಸಿಟ್ಟಿದ್ದೆ, ಪೆಟ್ಟಿಗೆಯ ಅಂಕಿಯನ್ನು ಯಾವತ್ತೂ ಓದಬಾರದು ಅಂತ.

ದೀಪಾವಳಿಗೆ ಮುಂಚೆ ಒಂದು ದಿನ ಹೊತ್ತು ಮುಳುಗುವಾಗ ನಾನು ಒಲೆಯ ಮುಂದೆ ಇದ್ದೆ. ಮಾವ ಗೋಡೆಗೆ ಒರಗಿ ಕೂತಿದ್ದರು. ಅತ್ತೆ ಅವರೆಕಾಯಿ ಬಿಡಿಸುತ್ತಿದ್ದರು. ಮುದ್ದಣ್ಣ ಓಬವ್ವನನ್ನು ಹೆಗಲ ಮೇಲೆ ಕೂರಿಸಿಕೊಂಡು ಬಾಗಿಲಲ್ಲಿ ಬಗ್ಗಿ ಒಳಗೆ ಬಂದ. ಇಬ್ಬರೂ ಒಟ್ಟಿಗೆ ಬಂದದ್ದರಿಂದ ಗಾಜಿನ ಕಣ್ಣು ಒಂದೇ ತಲೆ ಅಂದುಕೊಂಡಿತು. ಕೆಂಪು ದೀಪ ಹತ್ತಿತು.

"ಯಾರು ಬಂದಿಲ್ಲ?" ಅಂತ ಇವರು ಗಾಬರಿಯಿಂದ ಎದ್ದರು. ಕಣ್ಣ ಮುಂದೆಯೇ ಎಲ್ಲರೂ ಇದ್ದೆವು. ಎಲ್ಲರ ಮುಖ ಒಂದು ಸಲ ನೋಡಿದ್ದರೆ ಸಾಕಾಗಿತ್ತು. ಆದರೆ ಅಷ್ಟು ದಿನದಲ್ಲಿ ಇವರಿಗೆ ಕಣ್ಣಿಗಿಂತ ದೀಪದ ಮೇಲೆ ನಂಬಿಕೆ ಜಾಸ್ತಿಯಾಗಿತ್ತು. ಅಪ್ಪನ ತಲೆ ಮುಟ್ಟಿ ಒಂದು ಅಂದರು, ಅವ್ವನ ತಲೆ ಮುಟ್ಟಿ ಎರಡು ಅಂದರು. ನಾನು ಕೈಯಲ್ಲಿದ್ದ ಸೌಟು ಬಿಸಾಕಿ ಬಂದು ಅವರ ಬಾಯಿ ಮುಚ್ಚಬೇಕು ಅನ್ನುವಷ್ಟರಲ್ಲಿ ಮುದ್ದಣ್ಣ, ಓಬವ್ವ ಮುಗಿದು ನನ್ನ ತಲೆಯ ಮೇಲೂ ಕೈಯಿಟ್ಟಾಗಿತ್ತು. ಕೊನೆಗೆ ತಮ್ಮ ಎದೆ ಮುಟ್ಟಿಕೊಂಡು ಸಂಖ್ಯೆ ಹೇಳಿ ಉಸಿರು ಬಿಟ್ಟರು.

"ಸರಿ ಐತೆ. ಎಲ್ಲಾರೂ ಅವ್ರೆ," ಅಂದರು.

ಅವರ ಕೈ ಇನ್ನೂ ನನ್ನ ತಲೆಯ ಮೇಲಿತ್ತು. ಅದನ್ನು ಮೆಲ್ಲಗೆ ತೆಗೆದುಕೊಂಡರು. ಪರ ಹೆಂಗಸನ್ನು ಗೊತ್ತಿಲ್ಲದೆ ಮುಟ್ಟಿದವರ ಹಾಗೆ ನಾಚಿಕೊಂಡು ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ಕುಂತ್ಕಳ್ರಿ," ಅಂದರು ನನಗೆ. "ನಮ್ಮ ಮನೆಯವ್ರು ಒಳಗೆ ಅವ್ರೆ, ಕರೀತೀನಿ." ಅಡುಗೆಮನೆಯ ಕಡೆ ತಿರುಗಿ, "ಲೇ ಚಂದ್ರಿ," ಅಂತ ಕೂಗಿದರು.

ನಾನು ಅವರ ಎದುರಿಗೇ ನಿಂತು ಓ ಅಂದೆ. ಅವರು ಅಡುಗೆಮನೆಯನ್ನೇ ನೋಡುತ್ತಿದ್ದರು.

ಬೆಳಿಗ್ಗೆ ಓಬವ್ವ ಬಾಚಣಿಗೆ ಹಿಡಿದುಕೊಂಡು ಅವರ ಮುಂದೆ ಹೋಗಿ ಬೆನ್ನು ತಿರುಗಿಸಿ ಕೂತಳು. ಅವರು ಕೈ ಹಚ್ಚಲಿಲ್ಲ. "ನಿಮ್ಮವ್ವನ ಹತ್ರ ಹೋಗು ಮಗ, ಪಾಪ," ಅಂದರು. ಪಾಲಿಟೆಕ್ನಿಕ್ಕಿನಲ್ಲಿ ಎಲ್ಲರ ಗುರುತೂ ಅವರಿಗೆ ಇತ್ತು, ದಾರಿಯಲ್ಲಿ ಸಿಕ್ಕವರನ್ನು ಹೆಸರು ಹಿಡಿದು ಮಾತಾಡಿಸುತ್ತಿದ್ದರು. ಹೆಂಡತಿ ಇದ್ದಾಳೆ, ಮಗಳಿದ್ದಾಳೆ ಅನ್ನುವುದೂ ನೆನಪಿತ್ತು. ಓಬವ್ವ ಹುಟ್ಟಿದ ದಿನ ಬಂದ ಮಳೆಯ ಕಥೆಯನ್ನು ನನಗೇ ಹೇಳಿದರು. ನಾನೇ ಚಂದ್ರಿ ಅಂದರೆ, "ಹಂಗೆಲ್ಲ ತಮಾಷೆ ಮಾಡಬಾರ್ದು ತಾಯಿ," ಅಂದರು. ಅಳು ಬರಲಿಲ್ಲ ನನಗೆ, ಸಿಟ್ಟು ಬಂತು. ಪೆಟ್ಟಿಗೆಯ ಪ್ಲಗ್ಗು ಕಿತ್ತೆ. ಬ್ಯಾಟರಿ ಇತ್ತಲ್ಲ, ಅಂಕಿ ಕೆಂಪಗೆ ಹಾಗೇ ಉರಿಯುತ್ತಿತ್ತು. ಆ ಬ್ಯಾಟರಿಯನ್ನೂ ಕಿತ್ತು ತಿಪ್ಪೆಗೆ ಎಸೆದೆ. ಸಂಜೆ ಇವರು ಬಂದು ಹೊಸದು ಜೋಡಿಸಿ, ನಮ್ಮ ಮನೆಯ ಸಂಖ್ಯೆಯನ್ನು ಮತ್ತೆ ಅದರೊಳಗೆ ಒತ್ತಿದರು.

ನನಗಿದ್ದ ಭಯ ಮಗಳದು. ಅಪ್ಪ ತನ್ನನ್ನು ಗುರುತು ಹಿಡಿಯದೆ ಇರುವುದನ್ನು ಅವಳು ದಿನಾ ನೋಡುತ್ತ ಬೆಳೆಯಬೇಕು. ಒಂದಲ್ಲ ಒಂದು ದಿನ ಅವಳೂ ನಮ್ಮನ್ನೆಲ್ಲ ಎಣಿಸಿಬಿಟ್ಟರೆ? ಒಂದು ಬೆಳಿಗ್ಗೆ ಅತ್ತೆಗೆ ಹೇಳಿ ಅವಳನ್ನು ಕರೆದುಕೊಂಡು ಹಿರಿಯೂರಿನ ಬಸ್ಸು ಹತ್ತಿದೆ. ಅಲ್ಲಿಂದ ಧರ್ಮಪುರಕ್ಕೆ, ನಮ್ಮವ್ವ ಈರಕ್ಕನ ಮನೆಗೆ. ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಓಬವ್ವನನ್ನು ಹತ್ತಿರ ಎಳೆದುಕೊಂಡು ಕೂತಳು.

ಮೂರು ದಿನ ಕಳೆದಿರಬಹುದು. ಮಧ್ಯಾಹ್ನ ಅಂಗಳದಲ್ಲಿ ಶೇಂಗಾ ಬಿಡಿಸುತ್ತಿದ್ದೆವು. ಬಸ್ಸಿಳಿದು ಬಂದವರು ಬೇಲಿಯ ಆಚೆ ನಿಂತು ಚಪ್ಪಲಿ ಬಿಟ್ಟರು. ಇವರೇ. ಗಡ್ಡ ಬೆಳೆದಿತ್ತು, ಕಣ್ಣು ಕೆಂಪಾಗಿತ್ತು, ಅಂಗಿಯ ಗುಂಡಿ ತಪ್ಪಾಗಿ ಹಾಕಿತ್ತು. ಹುಡುಕಿಕೊಂಡು ಬಂದಿದ್ದಾರೆ, ಅಂದರೆ ಗುರುತು ವಾಪಸ್ ಬಂದಿದೆ ಅಂದುಕೊಂಡೆ.

"ಈರಕ್ಕನೋರ ಮನೆ ಇದೇ ಅಲ್ಲೇನ್ರಿ?" ಅಂತ ಅವ್ವನನ್ನು ಕೇಳಿದರು.

"ಬರ್ರಿ ಅಳಿಯಂದಿರೇ," ಅಂದಳು ಅವ್ವ. ಅವಳನ್ನು ಅವರು ಎಣಿಸಿರಲಿಲ್ಲ. ಅದಕ್ಕೆ ಗುರುತು ಸಿಕ್ಕಿತು. ಅಂಗಳಕ್ಕೆ ಬಂದು ಅವಳ ಕಾಲು ಮುಟ್ಟಿ ಕುಕ್ಕರಗಾಲಲ್ಲಿ ಕೂತು, ಗಂಡಸು ಅಳುವ ಹಾಗೆ ಸದ್ದಿಲ್ಲದೆ ಅತ್ತರು.

"ಅತ್ತೆ, ಮನೇಲಿ ಕೆಂಪು ದೀಪ ಆರ್ತಾನೇ ಇಲ್ಲ. ಚಂದ್ರಿ ಇಲ್ಲ, ಓಬವ್ವ ಇಲ್ಲ. ಮನೇಲಿರೋ ಅಜ್ಜಿ ಒಬ್ರು, ಅವ್ರಿಬ್ರೂ ಇಲ್ಲಿಗೆ ಬಂದವ್ರೆ ಅಂದ್ರು. ನಾನು ಚಂದ್ರಿಗೆ ಏನು ಅಂದ್ನೋ ಗೊತ್ತಿಲ್ಲ. ತಪ್ಪಾಗಿದ್ರೆ ತಪ್ಪಾತು ಅನ್ರಿ. ನನ್ ಮಗಳ್ನ ಬಿಟ್ಟು ನಂಗೆ ಇರಾಕಾಗಲ್ಲ."

ಅವ್ವ ನನ್ನ ಮುಖ ನೋಡಿದಳು. ನನ್ನ ಕೈಯಲ್ಲಿದ್ದ ಶೇಂಗಾ ಹಾಗೇ ಇತ್ತು. "ಇಲ್ಲೇ ಇದೀನಲ್ರಿ," ಅಂದೆ. ಅವರು ನನಗೆ ಕೈ ಮುಗಿದು, "ನೀವೂ ಸ್ವಲ್ಪ ಹೇಳ್ರಿ ತಾಯಿ, ನಿಮ್ಮ ಮಾತಾದ್ರೂ ಕೇಳ್ತಾಳೆ," ಅಂದರು.

ಅವರು ಅಷ್ಟು ಪ್ರೀತಿಯಿಂದ ನನ್ನನ್ನು ಬೇಡಿಕೊಂಡದ್ದು ಮದುವೆಯಾದ ಮೇಲೆ ಅದೇ ಮೊದಲು. ಅದು ನನಗಲ್ಲವೇ ಅಲ್ಲ, ಅವರ ಕಣ್ಣಿಗೆ ಎಲ್ಲೂ ಕಾಣದ ಆ ಚಂದ್ರಿಗೆ. ನನ್ನ ಮೇಲೆ ನನಗೇ ಹೊಟ್ಟೆಕಿಚ್ಚಾಯಿತು ಅಂದರೆ ನಗಬೇಡಿ.

ಓಬವ್ವ ಅಜ್ಜಿಯ ಪಕ್ಕದಿಂದ ಎದ್ದು ಮೆಲ್ಲಗೆ ಅವರ ಮುಂದೆ ಹೋಗಿ ನಿಂತಳು. ಕೂದಲು ಕೆದರಿತ್ತು, ಹೊರಟು ಬಂದ ದಿನದಿಂದ ಯಾರಿಗೂ ಬಾಚಲು ಬಿಟ್ಟಿರಲಿಲ್ಲ. ಅವರು ಅವಳನ್ನು ನೋಡಿ ಕಣ್ಣೊರೆಸಿಕೊಂಡು ನಕ್ಕರು. ಜೇಬಿನಿಂದ ಪೆಪ್ಪರಮೆಂಟು ತೆಗೆದು ಕೊಟ್ಟರು. ಅದು ಮಗಳಿಗೆ ಅಂತ ತಂದದ್ದು ಇರಬೇಕು.

"ಯಾರ ಮಗಳು ಮಗ ನೀನು? ನಿಮ್ಮಪ್ಪ ಎಲ್ಲವ್ರೆ?"

ಓಬವ್ವ ಕೈ ಚಾಚಿ ಅವರ ಎದೆಯ ಕಡೆ ಬೆರಳು ತೋರಿಸಿದಳು.

ಅವರು ತಿರುಗಿ ತಮ್ಮ ಹಿಂದೆ ನೋಡಿದರು.